ತಪ್ಪು ನಿಮ್ಮದಲ್ಲ

ತನ್ನ ಮಗಳು ಸೈಟು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ ಎಂದು ಪಾಪಕ್ಕ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದನ್ನು ನಂಬಿ ಅದೇ ಕೇರಿಯ ಬಚ್ಚಪ್ಪ ಒಂದು ಭಾನುವಾರ ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದ.

"ಸುಮಿತಮ್ಮಾ, ಬಂಗಾರಪೇಟೆ ತಾವ ತರ್ಟಿ ಫಾರ್ಟಿ ಒಂದು ಕೊಡ್ಸಮ್ಮ. ಮೂಲೆ ಸೈಟೇ ಆಗ್ಬೇಕು ಅಂತೇನಿಲ್ಲ."

ಸುಮಿತಾಗೆ ನಗು ತಡೆಯಲಾಗಲಿಲ್ಲ. "ಮಾವಾ, ನನ್ ಸೈಟಲ್ಲಿ ಮನೆ ಕಟ್ಟೋಕಾಗಲ್ಲ. ಅದು ಇಂಟರ್ನೆಟ್ ಸೈಟು. ಅಂಗಡಿಯವ್ರು, ಡಾಕ್ಟ್ರು, ಇಸ್ಕೂಲ್‌ನೋರು ಫೋನಲ್ಲಿ ತೋರಿಸ್ಕೊಂಡಿರ್ತಾರಲ್ಲ, ಅದನ್ನ ಇಡೋಕೆ ದೊಡ್ಡ ಕಂಪ್ಯೂಟರಲ್ಲಿ ಜಾಗ ಬೇಕು. ಆ ಜಾಗ ಬಾಡಿಗೆಗೆ ಕೊಡೋದು ನಮ್ ಕಂಪನಿ. ಬಾಡಿಗೆಗಿರೋರು ಬಾಗಿಲು ತೆಗೀತಿಲ್ಲ, ದೀಪ ಹತ್ತುತ್ತಿಲ್ಲ ಅಂದ್ರೆ ನಾನು ರಿಪೇರಿ ಮಾಡ್ತೀನಿ."

"ಅಂಗಾದ್ರೆ ಮೇಸ್ತ್ರಿ ಅನ್ನು," ಎಂದು ಬಚ್ಚಪ್ಪ ನಿರಾಸೆಯಿಂದ ಹೊರಟುಹೋದ.

ಆ ಮಾತು ಸುಮಿತಾಗೆ ಹಿಡಿಸಿತು. ಅವಳ ಅಪ್ಪ ಚಿಕ್ಕವೆಂಕಟಪ್ಪ ಗಾರೆ ಕೆಲಸದವನು. ಇಪ್ಪತ್ತು ವರ್ಷ ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಯಾರ್ಯಾರದೋ ಮನೆಗಳಿಗೆ ಕಾಂಕ್ರೀಟು ಹೊತ್ತಿದ್ದ. ಮಗಳು ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡ. ಆಗವಳು ಆಂಡರ್ಸನ್‌ಪೇಟೆಯಲ್ಲಿ ದೊಡ್ಡಮ್ಮ ಅಮ್ಮಾಜಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಕಾಲೇಜು ಮುಗಿಸಿ ಸಂಜೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದಳು. ಅಂಗಡಿಗೆ ಬರುವವರದು ಮುಕ್ಕಾಲುಪಾಲು ತಮಿಳು. ಕಾಮಸಮುದ್ರದ ಕಡೆಯ ತನ್ನ ಊರಿನಲ್ಲಿ ಅರ್ಧ ಮಾತು ತೆಲುಗು. ಹೀಗಾಗಿ ಯಾವ ಪುಸ್ತಕವನ್ನೂ ತೆರೆಯದೆ ಮೂರು ಭಾಷೆ ನಾಲಿಗೆಗೆ ಹತ್ತಿದ್ದವು. ಬೆಂಗಳೂರಿನ ಹೋಸ್ಟಿಂಗ್ ಕಂಪನಿ ಅವಳನ್ನು ತೆಗೆದುಕೊಂಡದ್ದೂ ಅದಕ್ಕೇ. ತಮಿಳುನಾಡು, ಆಂಧ್ರ, ಕರ್ನಾಟಕ ಮೂರು ಕಡೆಯ ಗಿರಾಕಿಗಳಿಗೆ ಒಬ್ಬಳೇ ಸಾಕಾಗುತ್ತಿದ್ದಳು. ಮೊದಲೆರಡು ವರ್ಷ ಅಪ್ಪ ಹತ್ತುತ್ತಿದ್ದ ಅದೇ ರೈಲು ಹತ್ತಿದಳು. ಲಾಕ್‌ಡೌನಿನಲ್ಲಿ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಆಫೀಸಿಗೆ ವಾಪಸು ಬನ್ನಿ ಎಂಬ ಮೇಲ್ ಮೂರು ಸಲ ಬಂತು. ಮೂರು ಸಲವೂ ಅವಳು ತನ್ನ ತಿಂಗಳ ಕೆಲಸದ ಲೆಕ್ಕವನ್ನು ಲಗತ್ತಿಸಿ, "ಇದಕ್ಕಿಂತ ಹೆಚ್ಚು ಆಫೀಸಿನಲ್ಲಿ ಕೂತವರು ಯಾರಾದರೂ ಮಾಡಿದ್ದರೆ ತಿಳಿಸಿ, ಬರುತ್ತೇನೆ" ಎಂದು ಉತ್ತರಿಸಿದಳು. ನಾಲ್ಕನೇ ಮೇಲ್ ಬರಲಿಲ್ಲ.

ಊರಲ್ಲೂ ಅವಳದು ಇದೇ ರೀತಿ. ಇಂಟರ್ನೆಟ್ಟಿನ ಫೈಬರ್ ಕೇಬಲ್ಲು ಹಾಲಿನ ಡೈರಿಯ ತನಕ ಬಂದು ನಿಂತಿತ್ತು. ಅಲ್ಲಿಂದ ಅವರ ಕೇರಿಗೆ ಏಳು ಕಂಬ. ಕೇಬಲ್ಲಿನ ಸುಧಾಕರ್, "ಆ ಕಡೆ ಯಾರು ತಗೊಂತಾರೆ, ಹತ್ತು ಕನೆಕ್ಷನ್ ಆದ್ರೆ ನೋಡಾಣ" ಎಂದು ಮುಖ ತಿರುಗಿಸಿದ. ಸುಮಿತಾ ಎರಡು ದಿನದಲ್ಲಿ ಹನ್ನೊಂದು ಮನೆಯವರ ಸಹಿ ಹಾಕಿಸಿ ತಂದು ಅವನ ಅಂಗಡಿಯ ಗಾಜಿನ ಮೇಲೆ ಟೇಪು ಹಚ್ಚಿ ಅಂಟಿಸಿದಳು. ಬಂದು ಹೋಗುವವರೆಲ್ಲ ಓದಿದರು. ಮುಂದಿನ ವಾರ ಕೇಬಲ್ಲು ಬಂತು.

ಹಿಂದೆ ಆಡು ಕಟ್ಟುತ್ತಿದ್ದ ಕೊಟ್ಟಿಗೆಗೆ ಗಾರೆ ನೆಲ ಹಾಕಿಸಿ, ಶೀಟಿನ ಕೆಳಗೆ ಥರ್ಮಾಕೋಲು ಹೊಡೆಸಿ, ಮೇಜು ಹಾಕಿಕೊಂಡಳು. ಬೆಳಗ್ಗೆ ಏಳಕ್ಕೆ ಹೆಡ್‌ಫೋನು ಹಾಕಿದರೆ ಸಂಜೆ ನಾಲ್ಕಕ್ಕೆ ತೆಗೆಯುವುದು. ಒಬ್ಬೊಬ್ಬ ಗಿರಾಕಿಯ ದೂರಿಗೂ ಒಂದು ನಂಬರು. ಅದಕ್ಕೆ ಟಿಕೆಟ್ ಎಂದು ಹೆಸರು. ಮೇಲ್ ಹೋಗುತ್ತಿಲ್ಲ, ಪಾಸ್‌ವರ್ಡ್ ಮರೆತಿದೆ, ಸೈಟು ತೆರೆದರೆ ಬರೀ ಬಿಳಿ ಪುಟ ಬರುತ್ತಿದೆ ಎಂಬಂಥ ಟಿಕೆಟ್ಟುಗಳು ದಿನಕ್ಕೆ ಐವತ್ತು ಅರವತ್ತು. ಹೊರಗೆ ಹುಂಜ ಕೂಗಿದರೆ ಗಿರಾಕಿಗಳು ನಗುತ್ತಿದ್ದರು. "ಹೌದು ಸಾರ್, ಹಳ್ಳೀಲೇ ಇದ್ದೀನಿ," ಎಂದು ಇವಳೂ ನಗುತ್ತಿದ್ದಳು. ಹೆಸರು ಕೇಳಿದರೆ ಸುಮಿತಾ ಎಂದೇ ಹೇಳುತ್ತಿದ್ದಳು. ಜೊತೆಯವರು ಕೆಲವರು ಇಟ್ಟುಕೊಂಡಿದ್ದ ಸ್ಯಾಮ್, ಜೆನ್ನಿಯಂಥ ಹೆಸರುಗಳ ಗೋಜಿಗೆ ಹೋಗಲಿಲ್ಲ.

ಹೋದ ವರ್ಷ ಜುಲೈ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಏಳೂಕಾಲಕ್ಕೆ ಟಿಕೆಟ್ಟುಗಳು ಒಂದರ ಮೇಲೊಂದು ಬಿದ್ದವು. ಎಲ್ಲದರಲ್ಲೂ ಒಂದೇ ಮಾತು: ಸೈಟು ಇಲ್ಲ. ಹದಿನಾಲ್ಕನೇ ಸರ್ವರ್, ಅಂದರೆ ಇನ್ನೂರಕ್ಕೂ ಹೆಚ್ಚು ಸೈಟುಗಳಿದ್ದ ಒಂದು ದೊಡ್ಡ ಕಂಪ್ಯೂಟರು, ಡಿಸ್ಕು ಕೆಟ್ಟು ಕೂತಿತ್ತು. ಅದೇನೂ ಲೋಕ ಮುಳುಗುವ ಸಂಗತಿಯಲ್ಲ. ಕಂಪನಿ ದಿನವೂ ಎಲ್ಲ ಸೈಟುಗಳ ಪ್ರತಿ ತೆಗೆದು ಬೇರೆ ಕಡೆ ಇಡುತ್ತದೆ. ಹಾಗೆಂದು ಜಾಹೀರಾತಿನಲ್ಲೇ ದಪ್ಪಕ್ಷರದಲ್ಲಿ ಹಾಕಿಕೊಂಡಿದೆ. ಆ ಪ್ರತಿಯನ್ನೇ ಬ್ಯಾಕಪ್ ಎನ್ನುವುದು. ಸುಮಿತಾ ಬ್ಯಾಕಪ್ಪಿನ ಪುಟ ತೆರೆದಳು. ಖಾಲಿ. ಇನ್ನೊಂದು ಸೈಟಿನದು ತೆರೆದಳು. ಅದೂ ಖಾಲಿ.

ಅವಳಿಗೆ ತಟ್ಟನೆ ನೆನಪಾಯಿತು. ಮೂರು ವಾರದ ಹಿಂದೆ ಒಬ್ಬ ಗಿರಾಕಿಗೆ ಹಳೆಯ ಪ್ರತಿ ಬೇಕಾಗಿ ಹುಡುಕಿದಾಗಲೂ ಹೀಗೇ ಖಾಲಿ ಬಂದಿತ್ತು. ಅವಳು ಆಗಲೇ ಮೇಲಿನವರಿಗೆ ಬರೆದಿದ್ದಳು. "ನೋಡುತ್ತೇವೆ" ಎಂದು ಒಂದು ಪದದ ಉತ್ತರ ಬಂದಿತ್ತು. ಅವರು ನೋಡಲಿಲ್ಲ, ಇವಳೂ ಮತ್ತೆ ಕೇಳಿರಲಿಲ್ಲ. ಈಗ ದಾಖಲೆ ನೋಡಿದರೆ ಎಲ್ಲ ಗೊತ್ತಾಯಿತು. ನಲವತ್ತೊಂದು ದಿನದ ಹಿಂದೆ ಜಾಗ ಸಾಲದೆಂದು ಯಾರೋ ಹಳೆಯ ಪ್ರತಿಗಳನ್ನು ಅಳಿಸಿದ್ದರು. ಅಂದಿನಿಂದ ಹೊಸದು ಒಂದೂ ಹುಟ್ಟಿರಲಿಲ್ಲ. ದಿನವೂ ಬಂದ ಎಚ್ಚರಿಕೆಯ ಮೇಲ್‌ಗಳು ಕೆಲಸ ಬಿಟ್ಟುಹೋದ ಒಬ್ಬನ ಪೆಟ್ಟಿಗೆಗೆ ಹೋಗಿ ಬಿದ್ದಿದ್ದವು.

ಒಂಬತ್ತೂವರೆಗೆ ತಂಡದ ಮುಖ್ಯಸ್ಥ ನರೇಶ್ ಎಲ್ಲರಿಗೂ ಒಂದು ಸಿದ್ಧ ಉತ್ತರ ಕಳಿಸಿದ. ಇಂಗ್ಲಿಷಿನಲ್ಲಿ ನಯವಾಗಿ ಬರೆದದ್ದು. ಅದರ ಸಾರ ಇಷ್ಟು: ನಿಮ್ಮ ಸೈಟಿನ ಸಾಫ್ಟ್‌ವೇರನ್ನು ನೀವು ಕಾಲಕಾಲಕ್ಕೆ ನವೀಕರಿಸದ ಕಾರಣ ಅದರ ಮೂಲಕ ವೈರಸ್ ನುಗ್ಗಿ ಮಾಹಿತಿ ಅಳಿಸಿಹೋಗಿದೆ, ಇದು ಗ್ರಾಹಕರ ಜವಾಬ್ದಾರಿ, ವಿಷಾದಿಸುತ್ತೇವೆ. ಸುಮಿತಾಳ ಪಾಲಿಗೆ ಬಂದವು ಅರವತ್ಮೂರು ಟಿಕೆಟ್ಟು. ಎಲ್ಲದಕ್ಕೂ ಅದನ್ನೇ ಅಂಟಿಸಬೇಕಿತ್ತು.

ಅವಳು ನರೇಶನಿಗೆ ಫೋನು ಮಾಡಿದಳು. "ನರೇಶ್, ಇದು ಸುಳ್ಳಲ್ವಾ?"

"ಮೇಲಿಂದ ಬಂದಿದೆ ಸುಮಿತಾ. ನಾನು ಬರೆದಿದ್ದಲ್ಲ."

"ಬರೆದಿದ್ದು ಯಾರಾದ್ರೂ ಆಗ್ಲಿ, ಕೆಳಗೆ ಹೆಸರು ನಂದಿರುತ್ತೆ."

"ಎಲ್ಲರ ಹೆಸರೂ ಇರುತ್ತೆ," ಎಂದ ನರೇಶ್. ಅವನು ಕೆಟ್ಟವನಲ್ಲ. ಮಾಲೂರಿನವನು, ಮನೆ ಕಟ್ಟಿಸುತ್ತಿದ್ದ, ಹೆದರಿದ್ದ. "ಇವತ್ತು ಒಂದಿನ ಕಳೆದ್ರೆ ಸಾಕು. ಪ್ಲೀಸ್, ಅಂಟಿಸಿಬಿಡು."

ಅಷ್ಟರಲ್ಲಿ ಒಂದು ಕರೆ ಬಂತು. ಕುಪ್ಪಂನಿಂದ ಶ್ಯಾಮಲ ಎಂಬ ಹೆಂಗಸು. ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಆರು ವರ್ಷದ ಹಿಂದೆ ಅವಳ ತಮ್ಮ ಬೈಕಿನಿಂದ ಬಿದ್ದಾಗ ಹೊತ್ತಿಗೆ ಸರಿಯಾಗಿ ರಕ್ತ ಸಿಗದೆ ಸತ್ತಿದ್ದ. ಅಂದಿನಿಂದ ರಕ್ತ ಕೊಡುವವರ ಹೆಸರು, ಗುಂಪು, ಫೋನ್ ನಂಬರು ಕೂಡಿಸುತ್ತ ಒಂದು ಸೈಟು ನಡೆಸುತ್ತಿದ್ದಳು. ಎರಡೂವರೆ ಸಾವಿರಕ್ಕೂ ಹೆಚ್ಚು ಹೆಸರು. ಮೂರು ಜಿಲ್ಲೆಯವರು ಅದನ್ನು ತೆರೆದು ನೋಡುತ್ತಿದ್ದರು. ಸುಮಿತಾ ಹಿಂದೆ ಎರಡು ಮೂರು ಸಲ ಅವಳ ಜೊತೆ ಮಾತಾಡಿದ್ದಳು.

ಶ್ಯಾಮಲಗೆ ಆಗಲೇ ತಂಡದ ಬೇರೊಬ್ಬರಿಂದ ಆ ಸಿದ್ಧ ಉತ್ತರ ಹೋಗಿತ್ತು. ಅಂಗಡಿಯ ಪಕ್ಕದ ಮೇಷ್ಟ್ರ ಕೈಲಿ ಓದಿಸಿಕೊಂಡಿದ್ದಳು. ಅವಳು ಬೈಯಲು ಫೋನು ಮಾಡಿರಲಿಲ್ಲ.

"ನಾ ಚೆಯ್ಯೇ ತಪ್ಪು ಚೇಸಿಂದೇಮೋ ಅಮ್ಮಾ," ಎಂದಳು ತೆಲುಗಿನಲ್ಲಿ. ತನ್ನ ಕೈಯೇ ಏನೋ ತಪ್ಪು ಮಾಡಿರಬೇಕು. ಹೋದ ವಾರ ಫೋನಿನಲ್ಲಿ ಏನೋ ಕೆಂಪಗೆ ಬಂದಿತ್ತು, ಒತ್ತಿಬಿಟ್ಟೆ, ಅದರಿಂದಲೇ ಇರಬೇಕು. ಅಷ್ಟು ಜನ ನಂಬಿ ಹೆಸರು ಕೊಟ್ಟಿದ್ದರು. ಈಗ ರಕ್ತ ಬೇಕೆಂದು ಯಾರಾದರೂ ಬಂದರೆ ಯಾವ ಮುಖ ತೋರಿಸಲಿ? ಹೀಗೆಂದು ಮೆಲ್ಲಗೆ ಅಳತೊಡಗಿದಳು. ಹಿಂದುಗಡೆ ಹೊಲಿಗೆ ಯಂತ್ರದ ಸದ್ದು ನಿಂತಿತ್ತು.

ಸುಮಿತಾ ಗಡಿಯಾರ ನೋಡಿದಳು. "ಅಕ್ಕಾ, ಅರ್ಧ ಗಂಟೆ ಬಿಟ್ಟು ನಾನೇ ಮಾಡ್ತೀನಿ," ಎಂದು ತೆಲುಗಿನಲ್ಲೇ ಹೇಳಿ ಇಟ್ಟಳು. ಹೆಡ್‌ಫೋನು ತೆಗೆದು ಅಂಗಳಕ್ಕೆ ಬಂದಳು.

ಪಾಪಕ್ಕ ಅಂದು ಕೂಲಿಗೆ ಹೋಗಿರಲಿಲ್ಲ. ಅಂಗಳದಲ್ಲಿ ಅವರೆಕಾಳು ಕೇರುತ್ತಿದ್ದವಳು ಮಗಳ ಮುಖ ನೋಡಿ ಮೊರ ಕೆಳಗಿಟ್ಟಳು. ಸುಮಿತಾ ನಡೆದದ್ದನ್ನು ಹೇಳಿದಳು.

"ಅವ್ರು ಯೋಳ್ದಂಗೆ ಆಕ್ಬಿಡು ಮಗ್ಳೇ," ಎಂದಳು ಪಾಪಕ್ಕ. "ದೊಡ್ಡೋರ್ ಜತೆ ನಮಗ್ಯಾಕೆ. ಕೆಲ್ಸ ಓದ್ರೆ ಎಂಗೆ?"

ಸುಮಿತಾಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಕಂಪನಿಯ ಮೇಲಿನ ಸಿಟ್ಟು ಅಮ್ಮನ ಮೇಲೆ ತಿರುಗಿತು. "ನೀನು ಹಿಂಗೇ ಅಂದ್ಕೊಂಡೇ ಜೀವನ ಪೂರ್ತಿ ತಲೆ ತಗ್ಗಿಸಿದ್ದು. ಸೊಣ್ಣಪ್ಪನ ಹುಳ ಸತ್ತಿದ್ದು ನಿನ್ ಕೈಯಿಂದ ಅಂತ ಈಗ್ಲೂ ನಂಬ್ಕೊಂಡಿದ್ದೀಯಲ್ಲ!"

ಆ ಮಾತು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಸುಮಿತಾ ಹತ್ತು ವರ್ಷದವಳಿದ್ದಾಗ ಪಾಪಕ್ಕ ಮೇಲಿನ ಬೀದಿಯ ಸೊಣ್ಣಪ್ಪನ ರೇಷ್ಮೆ ಮನೆಯಲ್ಲಿ ಹುಳಕ್ಕೆ ಸೊಪ್ಪು ಹಾಕುವ ಕೂಲಿಗೆ ಹೋಗುತ್ತಿದ್ದಳು. ಹುಳು ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಒಂದೇ ಮಧ್ಯಾಹ್ನ ಎಲ್ಲ ಸತ್ತವು. ಪಕ್ಕದ ಟೊಮೆಟೊ ತೋಟಕ್ಕೆ ಔಷಧಿ ಹೊಡೆದಿದ್ದರು. ಅದು ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು. ಸೊಣ್ಣಪ್ಪ ಮಾತ್ರ, "ಪಾಪಕ್ಕನ ಕೈ ಸರಿ ಇಲ್ಲ" ಎಂದುಬಿಟ್ಟ. ಊರು ಅದನ್ನೇ ಹಿಡಿಯಿತು. ಆಮೇಲೆ ಯಾವ ರೇಷ್ಮೆ ಮನೆಗೂ ಅವಳನ್ನು ಕರೆಯಲಿಲ್ಲ. ಅವಳೂ ಯಾರ ಹಸುಗೂಸನ್ನೂ ಎತ್ತಿಕೊಳ್ಳುತ್ತಿರಲಿಲ್ಲ, ಬಿತ್ತನೆಯ ಬೀಜ ಮುಟ್ಟುತ್ತಿರಲಿಲ್ಲ. "ನನ್ ಕೈ ಬ್ಯಾಡ" ಎಂದು ತಾನೇ ಹಿಂದೆ ಸರಿಯುತ್ತಿದ್ದಳು.

ಪಾಪಕ್ಕ ಮೊರದಲ್ಲಿದ್ದ ಒಂದು ಹುಳುಕು ಕಾಳನ್ನು ಆರಿಸಿ ಆಚೆ ಎಸೆದಳು.

"ನಂಬ್ಕೊಂಡಿದ್ದೆ ಅಂತ ನಿಂಗ್ಯಾರ್ ಯೋಳಿದ್ರು? ಆವತ್ತೇ ಗೊತ್ತಿತ್ತು. ಸೊಪ್ಪು ತಂದಾಕ್ದಾಗ್ಲೇ ಔಸ್ದಿ ವಾಸ್ನೆ ಒಡೀತಿತ್ತು. ಸೊಣ್ಣಪ್ಪಂಗೂ ಗೊತ್ತಿತ್ತು."

ಸುಮಿತಾ ಬೆಪ್ಪಾಗಿ ನಿಂತಳು. "ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

"ಯೋಳಿದ್ರೆ ಆಮೇಲೆ ಕೂಲಿಗೆ ಕರೀತಿರ್ಲಿಲ್ಲ."

"ಕೂಸು ಎತ್ಕೊಳಲ್ಲ, ಬೀಜ ಮುಟ್ಟಲ್ಲ, ಅದೆಲ್ಲ?"

"ಅವ್ರು ಬ್ಯಾಡ ಅನ್ನೋಕ್ ಮುಂಚೆ ನಾನೇ ಬ್ಯಾಡ ಅಂದ್ರೆ ಮಾನ ಉಳೀತದೆ ಕಣೇ," ಎಂದಳು ಪಾಪಕ್ಕ. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತನಗೇ ಹೇಳಿಕೊಳ್ಳುವವಳಂತೆ, "ಯೋಳ್ದೇನೇ ಇದ್ರೂ ಕರೀಲಿಲ್ಲ ಬಿಡು," ಎಂದಳು.

ಸುಮಿತಾ ಒಳಗೆ ಹೋದಳು. ಮೊದಲು ಕುಪ್ಪಂಗೆ ಫೋನು ಮಾಡಿದಳು. "ಅಕ್ಕಾ, ತಪ್ಪು ನಿಮ್ಮದಲ್ಲ. ನಮ್ಮದು. ನಾವು ಪ್ರತಿ ಇಟ್ಟಿರಲಿಲ್ಲ," ಎಂದಳು. "ನಾನಲ್ವಾ?" ಎಂದು ಶ್ಯಾಮಲ ಮೂರು ಸಲ ಕೇಳಿದಳು. ಮೂರು ಸಲವೂ ಸುಮಿತಾ ಅಲ್ಲ ಎಂದಳು.

ಆಮೇಲೆ ಅರವತ್ಮೂರು ಟಿಕೆಟ್ಟಿಗೂ ಉತ್ತರ ಬರೆಯಲು ಕೂತಳು. ಸಿದ್ಧ ಉತ್ತರ ಅಂಟಿಸಲಿಲ್ಲ. ಅವರವರ ಭಾಷೆಯಲ್ಲಿ ಅವರವರಿಗೆ ಬರೆದಳು. ಸರ್ವರಿನ ಡಿಸ್ಕು ಕೆಟ್ಟಿದೆ. ನಲವತ್ತೊಂದು ದಿನದಿಂದ ನಮ್ಮಲ್ಲಿ ಬ್ಯಾಕಪ್ ಇಲ್ಲ. ಮೂರು ವಾರದ ಹಿಂದೆ ನನಗೆ ಅನುಮಾನ ಬಂದಿತ್ತು, ನಾನು ಬೆನ್ನು ಹತ್ತಬೇಕಿತ್ತು, ಹತ್ತಲಿಲ್ಲ. ನಿಮ್ಮ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಹೀಗೆ ಬರೆದು, ಯಾರ್ಯಾರ ಮಾಹಿತಿ ಎಲ್ಲೆಲ್ಲಿ ಉಳಿದಿರಬಹುದೆಂದು ಯೋಚಿಸಿ ಅದನ್ನೂ ಸೇರಿಸಿದಳು. ಸೈಟು ಕಟ್ಟಿಕೊಟ್ಟವರ ಹಳೆಯ ಲ್ಯಾಪ್‌ಟಾಪಿನಲ್ಲಿ ಹುಡುಕಿ, ವಾಟ್ಸಾಪಿನಲ್ಲಿ ಕಳಿಸಿದ್ದ ಚಿತ್ರಗಳನ್ನು ಎತ್ತಿಟ್ಟುಕೊಳ್ಳಿ, ಗೂಗಲ್ಲಿನಲ್ಲಿ ಹಳೆಯ ಪುಟ ಸಿಗುತ್ತದೇನೋ ನೋಡಿ. ಕೊನೆಗೆ ತನ್ನ ಸ್ವಂತ ಫೋನ್ ನಂಬರು ಹಾಕಿದಳು. ಹಾಗೆ ಹಾಕುವುದು ಕಂಪನಿಯ ನಿಯಮಕ್ಕೆ ವಿರುದ್ಧ. ಗೊತ್ತಿದ್ದೇ ಹಾಕಿದಳು. ಅನ್ನಕ್ಕೂ ಏಳಲಿಲ್ಲ. ಪಾಪಕ್ಕ ಮುದ್ದೆ, ಬಸ್ಸಾರು ತಂದು ಮೇಜಿನ ಮೇಲೆ ಇಟ್ಟು, ಬಾಗಿಲಲ್ಲಿ ಕೂತಳು.

ಮೂರೂ ಇಪ್ಪತ್ತಕ್ಕೆ ಕಡೆಯ ಉತ್ತರ ಹೋಯಿತು. ಮೂರೂ ಮೂವತ್ತೈದಕ್ಕೆ ಪರದೆ ತಾನೇ ತಾನಾಗಿ ಮುಚ್ಚಿಕೊಂಡಿತು. ಮತ್ತೆ ಪಾಸ್‌ವರ್ಡ್ ಹಾಕಿದರೆ ತೆರೆಯಲಿಲ್ಲ.

ನರೇಶ್ ಫೋನು ಮಾಡಿದ. "ಏನ್ ಮಾಡ್ಬಿಟ್ಟೆ ಸುಮಿತಾ?"

"ಟಿಕೆಟ್ ಕ್ಲೋಸ್ ಮಾಡ್ದೆ," ಎಂದಳು.

ಮರುದಿನದಿಂದ ಲಾಗಿನ್ ಇಲ್ಲ, ಆದರೆ ಫೋನು ಮಾತ್ರ ಬಿಡುವಿಲ್ಲದೆ ಬಡಿದುಕೊಂಡಿತು. ಧರ್ಮಪುರಿಯ ನರ್ಸರಿಯವನು, ಮದನಪಲ್ಲಿಯ ಹಲ್ಲಿನ ಡಾಕ್ಟರು, ತುಮಕೂರಿನ ಒಂದು ಟ್ಯುಟೋರಿಯಲ್. ಕೆಲವರು ಬೈದರು, ಬೈಯುವುದು ನ್ಯಾಯ ಎಂದು ಕೇಳಿಸಿಕೊಂಡಳು. ಸಿಕ್ಕಿದಷ್ಟನ್ನು ಕೂಡಿಸಿಕೊಳ್ಳಲು ಒಬ್ಬೊಬ್ಬರಿಗೂ ದಾರಿ ಹೇಳಿಕೊಟ್ಟಳು. ಶ್ಯಾಮಲಳ ಜೊತೆ ಮಾತಾಡುವಾಗ ಒಂದು ಸಂಗತಿ ಹೊಳೆಯಿತು. ಅವಳ ಸೈಟಿನಲ್ಲಿ ಯಾರಾದರೂ ಹೊಸದಾಗಿ ಹೆಸರು ಸೇರಿಸಿದರೆ ಅವಳ ಸ್ವಂತ ಮೇಲ್‌ಗೆ ಒಂದು ಸೂಚನೆ ಹೋಗುತ್ತಿತ್ತು. ಆ ಮೇಲ್ ಪೆಟ್ಟಿಗೆ ಬೇರೆ ಕಂಪನಿಯದು, ಅದಕ್ಕೇನೂ ಆಗಿರಲಿಲ್ಲ.

"ಆ ಮೇಲ್‌ಗಳನ್ನ ಅಳಿಸಿದ್ದೀರಾ ಅಕ್ಕಾ?"

"ಅಳಿಸೋದು ಹೆಂಗೆ ಅಂತ ನನಗೆ ಗೊತ್ತೇ ಇಲ್ಲಮ್ಮ," ಎಂದಳು ಶ್ಯಾಮಲ ತಪ್ಪೊಪ್ಪಿಕೊಳ್ಳುವವಳಂತೆ. ಸುಮಿತಾ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು.

ನಾಲ್ಕು ದಿನ ಮಧ್ಯಾಹ್ನ ಇಬ್ಬರೂ ಫೋನಿನಲ್ಲೇ ಕೂತು ಆ ಮೇಲ್‌ಗಳಿಂದ ಹೆಸರು, ಗುಂಪು, ನಂಬರುಗಳನ್ನು ಒಂದು ಪಟ್ಟಿಗೆ ಇಳಿಸಿದರು. ಮೊದಲ ವರ್ಷದವು ಸಿಗಲಿಲ್ಲ. ಆಗ ಸೂಚನೆಯ ಏರ್ಪಾಡು ಇರಲಿಲ್ಲ. ಉಳಿದದ್ದು ಸಾವಿರದ ಒಂಬೈನೂರು ಚಿಲ್ಲರೆ. ಪಟ್ಟಿ ಮುಗಿದ ಸಂಜೆ ಶ್ಯಾಮಲ, ಅದರಲ್ಲಿದ್ದ ಒಬ್ಬನಿಗೆ ಆಗಲೇ ಫೋನು ಮಾಡಿ ಆಸ್ಪತ್ರೆಗೆ ಕರೆಸಿದ್ದಾಗಿ ಹೇಳಿದಳು.

ಎಂಟನೇ ದಿನ ಕಂಪನಿಯಿಂದ ವಿಚಾರಣೆಗೆ ಬರಬೇಕೆಂದು ಮೇಲ್ ಬಂತು. ಪಾಪಕ್ಕ ತಾನೂ ಬರುತ್ತೇನೆಂದು ಹೊಸ ಸೀರೆ ಉಟ್ಟು ನಿಂತಳು. ಬೇಡವೆಂದರೆ ಕೇಳಲಿಲ್ಲ. ಕಾಮಸಮುದ್ರದ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ನಿಲ್ಲಲೂ ಜಾಗವಿಲ್ಲದ ರೈಲಿನಲ್ಲಿ ವೈಟ್‌ಫೀಲ್ಡ್‌ಗೆ ಹೋಗಿ, ಅಲ್ಲಿಂದ ಆಟೊ ಹಿಡಿದರು. ಆಫೀಸಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಪಾಪಕ್ಕನನ್ನು ಹೊರಗೆ ಕೂರಲು ಹೇಳಿದ. ಅವಳು ಒಳಗಿನ ಮೆತ್ತನೆ ಸೋಫಾದ ಮೇಲೆ ಬುತ್ತಿಯ ಚೀಲ ಇಟ್ಟು, ಪಕ್ಕದಲ್ಲಿ ತಾನೂ ಕೂತಳು.

"ನನ್ ಮಗ್ಳು ಬರೋಗಂಟ ಇಲ್ಲೇ ಕೂಕೊಂತೀನಪ್ಪ. ನೀನೇನ್ ನಿಂತ್ಕೊಂಡೇ ಇರ್ತೀಯ, ನೀನೂ ಕೂಕೊ," ಎಂದಳು. ಅವನು ಏನು ಮಾಡಬೇಕೆಂದು ತೋಚದೆ ನೀರು ತಂದುಕೊಟ್ಟ.

ಒಳಗೆ ಮೂವರಿದ್ದರು. ನರೇಶ್ ತಲೆ ಎತ್ತಲಿಲ್ಲ. ಸಿಬ್ಬಂದಿ ವಿಭಾಗದ ವನಿತಾ ಒಂದು ಹಾಳೆಯನ್ನು ಮುಂದೆ ಸರಿಸಿದಳು. ದೊಡ್ಡ ಮ್ಯಾನೇಜರು ಕೈಕಟ್ಟಿ ಕೂತಿದ್ದರು. ತಾಂತ್ರಿಕ ವಿಷಯವನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಗ್ರಾಹಕರಿಗೆ ಸುಳ್ಳು ಮಾಹಿತಿ ಕೊಟ್ಟೆ, ಕ್ಷಮೆ ಕೇಳುತ್ತೇನೆ ಎಂದು ಹಾಳೆಯಲ್ಲಿ ಅವಳ ಪರವಾಗಿ ಬರೆದಿತ್ತು.

"ಸೈನ್ ಮಾಡಿದ್ರೆ ನಾಳೆಯಿಂದ ಲಾಗಿನ್ ವಾಪಸ್ ಬರುತ್ತೆ," ಎಂದಳು ವನಿತಾ. ಅವಳ ದನಿಯಲ್ಲಿ ಕೆಡುಕಿರಲಿಲ್ಲ. "ಮನೆಯಿಂದಲೇ ಕೆಲಸ ಮಾಡಬಹುದು. ಯಾರೂ ಏನೂ ಕೇಳಲ್ಲ."

"ಇದರಲ್ಲಿ ಸುಳ್ಳು ಮಾಹಿತಿ ಅಂತ ಇದೆ. ನಾನು ಬರೆದಿದ್ದರಲ್ಲಿ ಯಾವ ಸಾಲು ಸುಳ್ಳು ಅಂತ ತೋರಿಸಿ ಮೇಡಂ. ಆ ಸಾಲಿಗೆ ಸೈನ್ ಮಾಡ್ತೀನಿ."

ವನಿತಾ ಮ್ಯಾನೇಜರ ಕಡೆ ತಿರುಗಿದಳು.

"ಸ್ವಂತ ನಂಬರ್ ಕೊಟ್ಟಿದ್ದು ನಿಯಮ ಮೀರಿದ್ದು," ಎಂದರು ಮ್ಯಾನೇಜರು.

"ಹೌದು ಸಾರ್. ಅದು ನಾನು ಮಾಡಿದ ತಪ್ಪು. ಅದನ್ನ ಬರೆದುಕೊಡಿ, ಈಗಲೇ ಸೈನ್ ಮಾಡ್ತೀನಿ. ಕಂಪನಿ ಮಾಡಿದ್ದನ್ನ ಕಂಪನಿ ಬರೆದುಕೊಡಲಿ."

"ಹಾಗಾದ್ರೆ ರಾಜೀನಾಮೆ ಕೊಟ್ಟುಬಿಡಿ. ಒಳ್ಳೆ ಸರ್ಟಿಫಿಕೇಟ್ ಕೊಡ್ತೀವಿ."

"ಕೊಡಲ್ಲ," ಎಂದಳು ಸುಮಿತಾ. "ನೀವೇ ತೆಗೀರಿ ಸಾರ್. ಆದ್ರೆ ಕಾರಣ ಬರೆದು ತೆಗೀರಿ. ಗಿರಾಕಿಗೆ ನಿಜ ಹೇಳಿದ್ದಕ್ಕೆ ಅಂತ ಬರೀರಿ."

ಮ್ಯಾನೇಜರು ವನಿತಾಳ ಮುಖ ನೋಡಿದರು. ವನಿತಾ ಹಾಳೆಯನ್ನು ವಾಪಸು ಎಳೆದುಕೊಂಡಳು.

ಬಾಗಿಲ ತನಕ ಬಂದ ನರೇಶ್ ಮೆಲ್ಲಗೆ, "ನಂಗೆ ಆಗ್ಲಿಲ್ಲ ಸುಮಿತಾ," ಎಂದ. ಅವಳಿಗೆ ಅವನ ಮೇಲೆ ಕರುಣೆಯೂ ಬಂತು, ಸಿಟ್ಟೂ ಬಂತು. "ಆಗಲ್ಲ ಅಂತ ಅವರಿಗೆ ಹೇಳ್ಬೇಕಿತ್ತು ನರೇಶ್, ನನಗಲ್ಲ," ಎಂದು ಹೇಳಿ ಅಮ್ಮನ ಕೈಯಿಂದ ಚೀಲ ತೆಗೆದುಕೊಂಡಳು.

ರೈಲಿನಲ್ಲಿ ಪಾಪಕ್ಕ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಬಂಗಾರಪೇಟೆ ಬರುವ ತನಕ ಕಿಟಕಿಯ ಕಡೆ ನೋಡುತ್ತಿದ್ದಳು. ಊರಿನ ಬಸ್ಸು ಇಳಿದಾಗ ಡೈರಿಯ ಮುಂದೆ ಕ್ಯಾನಿನ ಸಾಲು. ಸೊಣ್ಣಪ್ಪ ಕಲ್ಲುಬೆಂಚಿನ ಮೇಲೆ ಕೂತಿದ್ದ. ಈಗ ಮುದುಕ, ಕೈಯಲ್ಲಿ ಕೋಲು. ಪಾಪಕ್ಕ ನಡೆಯುತ್ತಿದ್ದವಳು ಅವನ ಮುಂದೆ ನಿಂತುಬಿಟ್ಟಳು.

"ಸೊಣ್ಣಪ್ಪಾ, ನಿನ್ ಉಳ ಸತ್ತಿದ್ದು ಟೊಮೆಟೊ ಔಸ್ದಿಯಿಂದ. ನಿಂಗೂ ಗೊತ್ತು, ನಂಗೂ ಗೊತ್ತು. ಇಪ್ಪತ್ತೊಂದು ವರ್ಷ ಆಯ್ತು, ನನ್ ಕೈಗೆ ಎಸ್ರು ಇಟ್ಟೆ. ನನ್ ಕೈಯಾಗೇನೂ ಕೆಟ್ಟದ್ದಿಲ್ಲ."

ಹಾಲು ಅಳೆಯುತ್ತಿದ್ದವರು ಕೈ ನಿಲ್ಲಿಸಿದರು. ಸೊಣ್ಣಪ್ಪ ಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಈಗ್ಯಾಕೆ ಅದೆಲ್ಲಾ ಪಾಪಕ್ಕಾ," ಎಂದ.

"ಈಗ ಯೋಳ್ಬೇಕು ಅನ್ನಿಸ್ತು. ಯೋಳ್ದೆ," ಎಂದು ಅವಳು ಮುಂದೆ ನಡೆದಳು. ಸುಮಿತಾ ಹಿಂದೆ ಹಿಂದೆ ಓಡಬೇಕಾಯಿತು. ತನ್ನ ಅಮ್ಮ ಅಷ್ಟು ಬಿರಬಿರನೆ ನಡೆದದ್ದನ್ನು ಅವಳು ಮೊದಲು ನೋಡಿಯೇ ಇರಲಿಲ್ಲ.

ಕಂಪನಿ ಮೂರು ವಾರ ಸುಮ್ಮನಿತ್ತು. ಅರವತ್ಮೂರು ಜನರ ಕೈಯಲ್ಲಿ ಸುಮಿತಾ ಬರೆದ ಉತ್ತರ ಇತ್ತು. ಅವರು ಅದನ್ನು ಇತರರಿಗೂ ತೋರಿಸಿದರು. ಕೊನೆಗೆ ಹದಿನಾಲ್ಕನೇ ಸರ್ವರಿನ ಎಲ್ಲರಿಗೂ ಎರಡನೇ ಪತ್ರ ಹೋಯಿತು; ಬ್ಯಾಕಪ್ ಇರಲಿಲ್ಲವೆಂದು ಅದರಲ್ಲಿ ಒಪ್ಪಿಕೊಂಡಿದ್ದರು. ಅದೇ ವಾರ ಸುಮಿತಾಗೂ ಪತ್ರ ಬಂತು. "ನಿಮ್ಮ ಸೇವೆಯ ಅಗತ್ಯವಿಲ್ಲ" ಎಂಬ ಒಂದೇ ಸಾಲು. ಕಾರಣ ಬರೆದಿರಲಿಲ್ಲ. ಅವಳು ಕಾರಣ ಕೇಳಿ ಉತ್ತರ ಬರೆದಳು. ಅದಕ್ಕೆ ಇನ್ನೂ ಜವಾಬು ಬಂದಿಲ್ಲ. ಪ್ರತಿ ತಿಂಗಳ ಮೊದಲ ದಿನ ಅದೇ ಪತ್ರವನ್ನು ಮತ್ತೆ ಕಳಿಸುತ್ತಾಳೆ.

ಹೊಸ ಕೆಲಸಕ್ಕೆ ಅಲೆದಾಟ ನಾಲ್ಕು ತಿಂಗಳು. ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದಳು. "ವೈಯಕ್ತಿಕ ಕಾರಣ ಅಂದುಬಿಡೇ," ಎಂದು ಅಮ್ಮಾಜಮ್ಮ ಆಂಡರ್ಸನ್‌ಪೇಟೆಯಿಂದ ಫೋನು ಮಾಡಿ ಬುದ್ಧಿ ಹೇಳಿದಳು. ಇವಳು ಕೇಳಲಿಲ್ಲ. ಒಂದು ಕಂಪನಿ ನಗುನಗುತ್ತ ಕಳಿಸಿಕೊಟ್ಟಿತು. ಇನ್ನೊಂದು ಮಾತನ್ನು ಅರ್ಧಕ್ಕೇ ಮುಗಿಸಿತು. ಆ ತಿಂಗಳುಗಳಲ್ಲಿ ಅವಳು ಬೆಳಗ್ಗೆ ಅಮ್ಮನ ಜೊತೆ ಬೀನ್ಸು ಬಿಡಿಸುವ ಕೂಲಿಗೂ ಹೋದಳು. ಡಿಪ್ಲೊಮಾ ಓದಿ ಹೀಗಾಯಿತಲ್ಲ ಎಂದವರಿಗೆ, "ಬೀನ್ಸು ಬಿಡ್ಸಕ್ಕೂ ಓದಿರೋರು ಬೇಕು, ನೋಡಿ ಎಷ್ಟು ಚೆನ್ನಾಗಿ ಬಿಡ್ಸಿದ್ದೀನಿ," ಎನ್ನುತ್ತಿದ್ದಳು. ಮನಸ್ಸು ಮಾತ್ರ ಕೆಲವು ದಿನ ಬಹಳ ಕುಗ್ಗುತ್ತಿತ್ತು. ಆ ದಿನಗಳಲ್ಲಿ ಕೊಟ್ಟಿಗೆಯ ಬಾಗಿಲು ತೆರೆಯುತ್ತಿರಲಿಲ್ಲ.

ಮೂರನೆಯದು ಕೊಯಮತ್ತೂರಿನ ಚಿಕ್ಕ ಕಂಪನಿ. ಅದರ ಯಜಮಾನ ಶ್ರೀರಾಮಪ್ಪ ಮೂಲದಲ್ಲಿ ಶ್ರೀನಿವಾಸಪುರದ ಕಡೆಯವನು, ಇಪ್ಪತ್ತು ವರ್ಷದಿಂದ ಅಲ್ಲೇ ನೆಲೆಸಿದವನು. ವೀಡಿಯೊ ಕರೆಯಲ್ಲಿ ಪೂರ್ತಿ ಕತೆ ಕೇಳಿ ಕನ್ನಡಕ ತೆಗೆದು ಒರೆಸಿದ.

"ನಾಳೆ ನಮ್ಮಲ್ಲೂ ಅಂಥ ತಪ್ಪು ಆದ್ರೆ?"

"ಮೊದಲು ನಿಮಗೆ ಹೇಳ್ತೀನಿ ಸಾರ್. ಈ ಸಲ ಒಂದ್ಸಲ ಹೇಳಿ ಸುಮ್ಮನಾಗಲ್ಲ, ಸರಿ ಮಾಡೋ ತನಕ ಹೇಳ್ತೀನಿ. ಆದರೂ ಆಗಿಹೋದ್ರೆ ಗಿರಾಕಿಗೂ ಹೇಳ್ತೀನಿ."

"ಹೇಳಬೇಡ ಅಂದ್ರೆ?"

"ಆಗ್ಲೂ ಹೇಳ್ತೀನಿ. ಅದಾಗಲ್ಲ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ ಸಾರ್, ಇಬ್ಬರಿಗೂ ಟೈಮ್ ಉಳಿಯುತ್ತೆ."

ಶ್ರೀರಾಮಪ್ಪ ನಗಲಿಲ್ಲ. ಯೋಚಿಸಿ ತಿಳಿಸುತ್ತೇನೆ ಎಂದ. ಎರಡು ದಿನ ಬಿಟ್ಟು ಪತ್ರ ಬಂತು. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ, ಜಾಗ ಅವಳಿಗೆ ಬೇಕಾದ ಕಡೆ, ಕೆಲಸ ಸೋಮವಾರದಿಂದ. ಗಿರಾಕಿಗಳಿಗೆ ಹೋಗುವ ಉತ್ತರಗಳ ಜೊತೆಗೆ ದಿನವೂ ಬ್ಯಾಕಪ್ ತಪಾಸಣೆಯೂ ಅವಳದೇ ಹೊಣೆ ಎಂದು ಕೊನೆಯಲ್ಲಿ ಸೇರಿಸಿದ್ದ.

ಸೋಮವಾರ ಏಳಕ್ಕೆ ಸುಮಿತಾ ಮೇಜಿನ ಧೂಳು ಒರೆಸಿ ಕೂತಳು. ಕರೆಂಟು ಹೋಗಿತ್ತು, ಯುಪಿಎಸ್ಸು ಕೀಂಗುಡುತ್ತಿತ್ತು. ಪಾಪಕ್ಕ ಪಕ್ಕದ ಮನೆಯ ಬಾಣಂತಿಯ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅಂಗಳದಲ್ಲಿ ಎಣ್ಣೆ ತಿಕ್ಕುತ್ತಿದ್ದಳು. ಕೂಸು ಊರು ಕೇಳುವಂತೆ ಅಳುತ್ತಿತ್ತು. ಸುಮಿತಾ ಎದ್ದು ಬಾಗಿಲು ಹಾಕಿಕೊಂಡು, ಹೆಡ್‌ಫೋನು ಏರಿಸಿ, ಮೊದಲ ಕರೆ ತೆಗೆದುಕೊಂಡಳು. ಈರೋಡಿನ ಅರಿಸಿನದ ವ್ಯಾಪಾರಿ. ಮೂರು ದಿನದಿಂದ ಮೇಲ್ ಬರುತ್ತಿಲ್ಲವಂತೆ, ಯಾರನ್ನು ಕೇಳಿದರೂ ಸರಿಯಾಗಿ ಹೇಳುತ್ತಿಲ್ಲವಂತೆ.

"ಸೊಲ್ಲುಂಗ ಸಾರ್," ಎಂದಳು ತಮಿಳಿನಲ್ಲಿ. "ಮೊದಲಿಂದ ಹೇಳಿ. ನಾನು ಕೇಳ್ತಾ ಇದ್ದೀನಿ."